ನಿಮ್ಮ ವಾಕಿಂಗು, ನಮ್ಮ ಗಂಟೆ

ಎರಡು ತಿಂಗಳ ಹಿಂದೆ ಡಾಕ್ಟರ ಹತ್ತಿರ ಹೋಗಿದ್ದೆ. ನನಗೇನೂ ಕಾಯಿಲೆ ಅಂತಲ್ಲ. ನಮ್ಮ ಕಾಲೇಜಿನಲ್ಲಿ ಒಂದು ದಿನ ಶುಗರ್ ಟೆಸ್ಟ್ ಕ್ಯಾಂಪ್ ಇಟ್ಟಿದ್ದರು. ಎಲ್ಲರ ಜೊತೆ ನಾನೂ ಬೆರಳು ಚುಚ್ಚಿಸಿಕೊಂಡೆ, ಸ್ವಲ್ಪ ಜಾಸ್ತಿ ಬಂತು. ಆಮೇಲೆ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಮೂರು ತಿಂಗಳ ಸರಾಸರಿ ತೋರಿಸುತ್ತಲ್ಲ, ಎಚ್‌ಬಿಎ1ಸಿ ಅಂತ, ಅದು 6.1 ಇತ್ತು.

ಡಾಕ್ಟರು ರಿಪೋರ್ಟ್ ನೋಡಿ, "5.7ರಿಂದ 6.4ರ ತನಕ ಇದ್ರೆ ಗಡಿ ಮೇಲೆ ನಿಂತಿದೀರಿ ಅಂತ ಅರ್ಥ. 6.5 ಆದ್ರೆ ಡಯಾಬಿಟಿಸ್. ಈಗಲೇ ಮಾತ್ರೆ ಬೇಡ. ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ" ಅಂದರು. ನಾನು ತಲೆ ಆಡಿಸಿದೆ. ಅವರಿಗೆ ನನ್ನ ಮುಖದಲ್ಲಿ ಏನು ಕಾಣಿಸಿತೋ, "ಯಾಕಮ್ಮಾ, ದಿನಕ್ಕೆ ಅರ್ಧ ಗಂಟೆ ಸಿಗಲ್ವಾ?" ಅಂದರು.

ನಾನು ಬಾಯಿ ಬಿಡುವ ಮೊದಲೇ ಪಕ್ಕದ ಕುರ್ಚಿಯಿಂದ ನಮ್ಮನೆಯವರು ಉತ್ತರ ಕೊಟ್ಟರು. "ನಾನು ಹೇಳ್ತಾನೇ ಇರ್ತೀನಿ ಡಾಕ್ಟ್ರೇ. ಇವಳು ಮನಸ್ಸೇ ಮಾಡಲ್ಲ. ನನ್ನ ನೋಡಿ, ಆರು ವರ್ಷದಿಂದ ವಾಕಿಂಗ್ ತಪ್ಪಿಸಿಲ್ಲ." ಡಾಕ್ಟರು ಅವರ ಕಡೆ ತಿರುಗಿ "ವೆರಿ ಗುಡ್ ಸಾರ್" ಅಂದರು!

ಅವತ್ತು ಸುಮ್ಮನಿದ್ದೆ. ಕ್ಲಿನಿಕ್ಕಿನಲ್ಲಿ ಕೂತು ಗಂಡ ಹೆಂಡತಿ ಜಗಳ ಆಡೋಕಾಗುತ್ತಾ? ಆದರೆ ಆ "ವೆರಿ ಗುಡ್ ಸಾರ್" ಇವತ್ತಿನವರೆಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದಕ್ಕೇ ಬರೀತಾ ಇದ್ದೀನಿ.

ಮೊದಲು ನಮ್ಮನೆಯ ಬೆಳಗಿನ ಕಥೆ ಕೇಳಿ. ಇದು ಮೈಸೂರು, ಬೆಂಗಳೂರಲ್ಲ. ಟ್ರಾಫಿಕ್ಕಿನ ನೆಪ ಇಲ್ಲಿ ಅಷ್ಟಾಗಿ ನಡೆಯಲ್ಲ. ಐದೂವರೆಗೆ ಇವರ ಅಲಾರಾಂ. (ಮೊದಲು ಎಚ್ಚರ ಆಗೋದು ನನಗೆ, ಅದನ್ನ ಆಫ್ ಮಾಡೋದೂ ನಾನೇ.) ಐದೂ ಮುಕ್ಕಾಲಿಗೆ ಶೂ ಹಾಕಿಕೊಂಡು ಸ್ಕೂಟರ್ ಹತ್ತಿ ಕುಕ್ಕರಹಳ್ಳಿ ಕೆರೆಗೆ ಹೊರಡುತ್ತಾರೆ. ನಡೆಯೋಕೆ ಸ್ಕೂಟರಿನಲ್ಲಿ ಯಾಕೆ ಹೋಗಬೇಕು ಅಂತ ನನ್ನನ್ನು ಕೇಳಬೇಡಿ :) ಕುವೆಂಪು ಓಡಾಡಿದ ಕೆರೆ ಏರಿ ಅಂತ ಇವರಿಗೆ ಹೆಮ್ಮೆ ಬೇರೆ. ಅಲ್ಲಿ ನಾಲ್ಕು ಜನ ಸ್ನೇಹಿತರು. ಐವತ್ತು ನಿಮಿಷ ನಡಿಗೆ, ಆಮೇಲೆ ಹೋಟೆಲಿನ ಮುಂದೆ ನಿಂತು ಕಾಫಿ, ಕಾಫಿ ಜೊತೆ ರಾಜ್ಯ ರಾಜಕೀಯ. ಏಳೂಕಾಲಿಗೆ ಮನೆ. ಪೇಪರು. ಸ್ನಾನ. ಎಂಟೂಕಾಲಿಗೆ ತಟ್ಟೆ ಮುಂದೆ ಹಾಜರು.

ಅದೇ ಐದೂ ಮುಕ್ಕಾಲರಿಂದ ಏಳೂಕಾಲರವರೆಗೆ ನನ್ನದು ಕೇಳಿ. ಬಾಗಿಲಿಗೆ ನೀರು ಹಾಕಿ ರಂಗೋಲಿ. ಹಾಲು ಕಾಯಿಸಿ ಅತ್ತೆಗೆ ಕಾಫಿ, ಅವರ ಬಿಪಿ ಮಾತ್ರೆ. ನಲ್ಲಿ ನೀರು ಬರುವ ದಿನವಾದರೆ ಡ್ರಮ್ಮು, ಬಿಂದಿಗೆ ತುಂಬಿಸೋದು. ಕುಕ್ಕರ್ ಇಟ್ಟು ತರಕಾರಿ ಹೆಚ್ಚೋದು. ಮೂರು ಡಬ್ಬಿ, ಮೂರೂ ಬೇರೆ ಬೇರೆ. ಮಗಳಿಗೆ ಈರುಳ್ಳಿ ಆಗಲ್ಲ, ಮಗನಿಗೆ ಖಾರ ಆಗಲ್ಲ, ಇವರಿಗೆ ಎಣ್ಣೆ ಕಡಿಮೆ ಇರಬೇಕು (ಆರೋಗ್ಯದ ಬಗ್ಗೆ ಕಾಳಜಿ ಇರೋರಲ್ವಾ!). ನಡುವೆ ಮೂರು ಸಲ ಮಗನನ್ನ ಎಬ್ಬಿಸೋದು. ಯೂನಿಫಾರಂ ಇಸ್ತ್ರಿ. ಸ್ಕೂಲ್ ಡೈರಿಗೆ ಸಹಿ. ಒಂಬತ್ತಕ್ಕೆ ನಾನು ಕಾಲೇಜಿನಲ್ಲಿ ಇರಬೇಕು.

ಈಗ ಹೇಳಿ. ಆ ಒಂದೂವರೆ ಗಂಟೆ ಇವರು ಮನೆಯಲ್ಲಿ ಇರಲ್ಲ. ಇವರಿಲ್ಲ ಅಂತ ಮನೆ ನಿಂತು ಹೋಗಲ್ಲ, ನಡೀತಾನೇ ಇರುತ್ತೆ. ಇವರು ಕೆರೆ ಏರಿ ಮೇಲೆ ನಡೆಯುವಾಗ ಮನೆ ನಡೆಸುವವರು ಯಾರು?

ನಾನು ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡುವವಳು. ವರ್ಷದ ಮೊದಲ ವಾರದಲ್ಲೇ ಹೇಳುವ ಪಾಠ ಒಂದಿದೆ: ಪ್ರತಿ ಡೆಬಿಟ್ಟಿಗೂ ಒಂದು ಕ್ರೆಡಿಟ್ ಇರಲೇಬೇಕು. 1494ರಲ್ಲಿ ಇಟಲಿಯ ಲೂಕಾ ಪಚೋಲಿ ಅನ್ನುವ ಸನ್ಯಾಸಿ ಇದನ್ನ ಪುಸ್ತಕದಲ್ಲಿ ಬರೆದಿಟ್ಟ. ಐನೂರು ವರ್ಷ ದಾಟಿದರೂ ಪ್ರಪಂಚದ ಎಲ್ಲಾ ಬ್ಯಾಂಕು, ಅಂಗಡಿ, ಕಂಪನಿ ನಡೆಯೋದು ಇದೇ ಲೆಕ್ಕದ ಮೇಲೆ. ಒಂದು ಖಾತೆಗೆ ಏನಾದರೂ ಬಂತು ಅಂದರೆ ಇನ್ನೊಂದು ಖಾತೆಯಿಂದ ಅದು ಹೋಗಿರಲೇಬೇಕು. ಆಕಾಶದಿಂದ ಉದುರಲ್ಲ.

ನಮ್ಮನೆಯವರ ಖಾತೆಗೆ ದಿನಾ ಒಂದೂವರೆ ಗಂಟೆ ಬಂದಿದೆ. ಮಳೆ, ಹಬ್ಬ, ಊರು ಅಂತ ಕಳೆದು ವರ್ಷಕ್ಕೆ 300 ದಿನ ಇಟ್ಟುಕೊಳ್ಳಿ. ಆರು ವರ್ಷಕ್ಕೆ 2700 ಗಂಟೆ! ಇಷ್ಟು ಗಂಟೆ ಯಾರ ಖಾತೆಯಿಂದ ಹೋಯಿತು? ಇವರ ಲೆಕ್ಕದಲ್ಲಿ ಅದು "ಮನಸ್ಸು ಮಾಡಿದ್ದರಿಂದ" ಬಂದದ್ದು. ಅಂಥ ಎಂಟ್ರಿ ನನ್ನ ಮಕ್ಕಳು ಪರೀಕ್ಷೆಯಲ್ಲಿ ಬರೆದರೆ ಸೊನ್ನೆ ಕೊಡ್ತೀನಿ.

ವ್ಯಾಯಾಮದ ಬಗ್ಗೆ ಯಾರೇ ಮಾತಾಡಲಿ, ಟೀವಿಯಲ್ಲಿ, ಪೇಪರಿನಲ್ಲಿ, ವಾಟ್ಸಾಪಿನಲ್ಲಿ, ಎಲ್ಲರದ್ದೂ ಒಂದೇ ರಾಗ. "ಎಲ್ಲರಿಗೂ ಇರೋದು 24 ಗಂಟೆಯೇ. ಸಮಯ ಸಿಗಲ್ಲ, ಸಮಯ ಮಾಡ್ಕೋಬೇಕು." ಕೇಳೋಕೆ ಚೆನ್ನಾಗಿದೆ. ಆದರೆ ಇದು ಶುದ್ಧ ಸುಳ್ಳು. ಸಮಯವನ್ನ ಯಾರೂ ಮಾಡಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಅದು ವರ್ಗಾವಣೆ ಆಗುತ್ತೆ, ಅಷ್ಟೆ. ಕೊಟ್ಟವರ ಹೆಸರನ್ನ ಯಾರೂ ಪುಸ್ತಕದಲ್ಲಿ ಬರೆಯಲ್ಲ. ಅದಕ್ಕೇ ಪಡೆದವರಿಗೆ ಅದು ತಮ್ಮದೇ ಸಾಧನೆ ಅನ್ನಿಸಿಬಿಡುತ್ತೆ.

ಇದು ನಮ್ಮೊಬ್ಬರ ಮನೆಯ ಜಗಳ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ಒಂದು ಸಮಯ ಬಳಕೆ ಸಮೀಕ್ಷೆ ಮಾಡಿಸಿತು, 2024ರಲ್ಲಿ ಇನ್ನೊಂದು. ಜನ ದಿನದ 24 ಗಂಟೆಯನ್ನ ಯಾವುದಕ್ಕೆ ಎಷ್ಟು ಖರ್ಚು ಮಾಡ್ತಾರೆ ಅಂತ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ದರು, ಗಂಡಸರು 97 ನಿಮಿಷ. ಪರವಾಗಿಲ್ವಲ್ಲ, ಒಂದೂವರೆ ಗಂಟೆ ಮಾಡ್ತಾರಲ್ಲ ಅಂತ ಗಂಡಸರ ಬೆನ್ನು ತಟ್ಟಬೇಡಿ. ಇದು ಮನೆಗೆಲಸಕ್ಕೆ ಕೈ ಹಾಕಿದವರ ಸರಾಸರಿ ಮಾತ್ರ. ಆ ವರ್ಷ ಕೈ ಹಾಕಿದ ಗಂಡಸರು ನೂರಕ್ಕೆ ಇಪ್ಪತ್ತಾರು ಜನ, ಹೆಂಗಸರು ಎಂಬತ್ತೊಂದು. ಇನ್ನು 2024ರ ಲೆಕ್ಕ: ಹೆಂಗಸರು 289 ನಿಮಿಷ, ಗಂಡಸರು 88.

ಕಳೆದು ನೋಡಿ. ಮೊದಲು 202 ನಿಮಿಷ ವ್ಯತ್ಯಾಸ ಇತ್ತು, ಐದು ವರ್ಷದ ನಂತರ 201. ಒಂದೇ ಒಂದು ನಿಮಿಷ ಇಳಿದಿದೆ! ಇದೇ ಸ್ಪೀಡಿನಲ್ಲಿ ಹೋದರೆ ಸಮ ಆಗೋಕೆ ಸಾವಿರ ವರ್ಷ ಬೇಕು. ಅಷ್ಟರಲ್ಲಿ ನನ್ನ ಶುಗರ್ ಗಡಿ ದಾಟಿ ಎಲ್ಲಿಗೆ ಹೋಗಿರುತ್ತೋ!

ಇನ್ನೊಂದು ಅಂಕಿ. 2024ರ ಜೂನ್‌ನಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 2022ರ ಲೆಕ್ಕದಂತೆ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಬಿಡಿಸಿ ನೋಡಿದರೆ ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಈ ಸುದ್ದಿ ಓದಿ ಎಲ್ಲರೂ ಹೇಳಿದ್ದು ಏನು? ಭಾರತೀಯರು ಸೋಮಾರಿಗಳಾಗುತ್ತಿದ್ದಾರೆ ಅಂತ. ಮೇಲಿನ 289 ನಿಮಿಷವನ್ನೂ ಈ 57ನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ದಿನಕ್ಕೆ ಐದು ಗಂಟೆ ಸಂಬಳವಿಲ್ಲದೆ ದುಡಿಯುವವರನ್ನ ಸೋಮಾರಿ ಅನ್ನೋಕೆ ಬಾಯಾದರೂ ಹೇಗೆ ಬರುತ್ತೆ?

ಇಲ್ಲಿಗೆ ಬಂದ ಕೂಡಲೇ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ. "ಮನೆಗೆಲಸವೇ ವ್ಯಾಯಾಮ ಅಲ್ವಾ ಮೇಡಂ? ನಮ್ಮಜ್ಜಿ ರುಬ್ಬುಗುಂಡಿನಲ್ಲಿ ರುಬ್ಬಿ, ಬಾವಿಯಲ್ಲಿ ನೀರು ಸೇದಿ ತೊಂಬತ್ತು ವರ್ಷ ಬದುಕಿದ್ರು."

ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಇಲ್ಲ ಅನ್ನಲ್ಲ. 1953ರಲ್ಲೇ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಅನ್ನುವ ಡಾಕ್ಟರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ನೌಕರರನ್ನ ಲೆಕ್ಕ ಹಾಕಿ ನೋಡಿದ್ದರು. ಕೂತೇ ಇರುವ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಕಂಡಕ್ಟರುಗಳು ಯಾರೂ ಜಿಮ್ಮಿಗೆ ಹೋದವರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಯಾವ ಚಲನೆಯಾದರೂ ಲೆಕ್ಕಕ್ಕೆ ಬರುತ್ತೆ ಅಂತಲೇ ಇದೆ. ಒಂದೇ ಸಮ ಹತ್ತು ನಿಮಿಷ ಮಾಡಲೇಬೇಕು ಅನ್ನುವ ಹಳೆಯ ಷರತ್ತನ್ನೂ ತೆಗೆದುಹಾಕಿದರು.

ಆದರೆ ಅದೇ ಮಾರ್ಗಸೂಚಿ ಕೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ. ಅಂದರೆ ಉಸಿರು ಏರಬೇಕು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ನಾನು ಒಲೆ ಮುಂದೆ ನಿಂತು ಚಪಾತಿ ಬೇಯಿಸುವಾಗ ದಾಸರ ಪದ ಹಾಡಿಕೊಂಡೇ ಬೇಯಿಸ್ತೀನಿ. ನಿಂತೂ ನಿಂತೂ ಕಾಲು ಸೆಳೆಯುತ್ತೆ, ಸೊಂಟ ಹಿಡಿಯುತ್ತೆ, ಉಸಿರೇನೂ ಏರಲ್ಲ. ರುಬ್ಬುಗುಂಡು, ಬಾವಿ ಹೋಗಿ ಮಿಕ್ಸಿ, ನಲ್ಲಿ ಬಂದವು. ಮೈ ಬಗ್ಗಿಸುವ ಕೆಲಸ ಹೋಯಿತು, ಹೊತ್ತು ತಿನ್ನುವ ಕೆಲಸ ಉಳೀತು. ಸುಸ್ತೇ ಬೇರೆ, ವ್ಯಾಯಾಮವೇ ಬೇರೆ. ಇದು ಗೊತ್ತಿಲ್ಲದವರು ಒಂದು ವಾರ ನಮ್ಮನೆ ಅಡುಗೆಮನೆಗೆ ಬರಲಿ. ಅಷ್ಟಕ್ಕೂ ಮನೆಗೆಲಸವೇ ವ್ಯಾಯಾಮ ಆಗಿದ್ದಿದ್ದರೆ ಗಂಡಸರು ಕೆರೆ ಏರಿಗೆ ಯಾಕೆ ಹೋಗ್ತಿದ್ದರು? ಪಾತ್ರೆ ತಿಕ್ಕುತ್ತಿದ್ದರು!

ಎರಡನೇ ಸಲಹೆ, "ಕೆಲಸದವರನ್ನ ಇಟ್ಕೊಳ್ಳಿ." ಇಟ್ಟುಕೊಂಡಿದ್ದೀವಿ. ನಮ್ಮನೆಗೆ ಬರುವ ಅಕ್ಕ ಪಾತ್ರೆ, ಕಸ, ನೆಲ ನೋಡ್ತಾರೆ. ನಮ್ಮದು ಅವರ ಮೂರನೇ ಮನೆ, ನಮ್ಮ ನಂತರ ಇನ್ನೊಂದು ಇದೆ, ಅದಾದ ಮೇಲೆ ಅವರ ಸ್ವಂತ ಮನೆ. ಅವರಿಗೂ ಶುಗರ್ ಇದೆ. ದುಡ್ಡು ಕೊಟ್ಟು ನನ್ನ ಗಂಟೆಯನ್ನ ನಾನು ಸ್ವಲ್ಪ ಬಿಡಿಸಿಕೊಂಡೆ, ಸರಿ. ಅವರ ಮನೆಯ ಗಂಟೆಯನ್ನ ಯಾರು ಬಿಡಿಸಿ ಕೊಡ್ತಾರೆ? ಇಷ್ಟೆಲ್ಲಾ ಆದರೂ ಆರು ಗಂಟೆಗೆ ಹಾಲು ಕಾಯಿಸೋಕೆ, ಮಕ್ಕಳನ್ನ ಎಬ್ಬಿಸೋಕೆ ಯಾವ ಕೆಲಸದವರೂ ಬರಲ್ಲ.

ಮೂರನೆಯದು ಎಲ್ಲರಿಗೂ ಇಷ್ಟವಾದ ಸಲಹೆ, "ಒಂದು ಗಂಟೆ ಮುಂಚೆ ಏಳು." ಇದನ್ನೂ ಮಾಡಿದೆ ರೀ! ಡಾಕ್ಟರ ಹತ್ತಿರ ಹೋಗಿ ಬಂದ ಮಾರನೇ ದಿನದಿಂದ ನಾಲ್ಕೂವರೆಗೆ ಎದ್ದೆ. ಕತ್ತಲಲ್ಲಿ ಬೀದಿ ನಾಯಿಗಳ ಜೊತೆ ವಾಕಿಂಗು. ಸರ ಮನೆಯಲ್ಲೇ ಬಿಚ್ಚಿಟ್ಟು ಹೋಗ್ತಿದ್ದೆ. ಆದರೆ ರಾತ್ರಿ ಮಲಗೋದು ಹನ್ನೊಂದೇ, ಅದೇನೂ ಮುಂಚೆ ಆಗಲಿಲ್ಲ. ಎಂಟನೇ ದಿನ ಟೆಸ್ಟ್ ನಡೀತಿದ್ದಾಗ ಕುರ್ಚಿಯಲ್ಲಿ ಕೂತೇ ನಿದ್ದೆ ಹೋದೆ. ಮಕ್ಕಳು ಎಷ್ಟು ಕಾಪಿ ಹೊಡೆದರೋ ದೇವರಿಗೇ ಗೊತ್ತು! ನಿದ್ದೆ ಕಡಿಮೆಯಾದರೂ ಶುಗರ್ ಏರುತ್ತೆ ಅನ್ನೋದು ಡಾಕ್ಟರುಗಳೇ ಹೇಳುವ ಮಾತು. ಅಂದರೆ ನಾನು ನನ್ನ ಎಡಗೈಯಿಂದ ತೆಗೆದು ಬಲಗೈಗೆ ಕೊಟ್ಟಿದ್ದೆ, ಅಷ್ಟೆ.

ಸರಿ, ಕತ್ತಲು ಬೇಡ ಅಂತ ಆರು ಗಂಟೆಗೆ ಹೋಗೋಕೆ ಶುರು ಮಾಡಿದೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. "ಮನಸ್ಸು ಮಾಡಿದೆ." ಮೂರು ದಿನ ಚೆನ್ನಾಗಿ ನಡೀತು. ಬಂದು ನೋಡಿದರೆ ಕುಕ್ಕರ್ ಕೂಗಿರ್ತಿತ್ತು, ಅತ್ತೆಗೆ ಕಾಫಿ ಆಗಿರ್ತಿತ್ತು. ಅತ್ತೆಯೇ ಮಾಡ್ಕೊಂಡಿದ್ದಾರೆ, ಪಾಪ, ಮಂಡಿ ನೋವಿನಲ್ಲೂ ಅಂದುಕೊಂಡೆ. ನಾಲ್ಕನೇ ದಿನ ಐದು ನಿಮಿಷ ಮುಂಚೆ ಬಂದೆ. ಅಡುಗೆಮನೆಯಲ್ಲಿ ನನ್ನ ಮಗಳು ನಿಂತಿದ್ದಳು. ಹತ್ತನೇ ಕ್ಲಾಸು. ಒಂದು ಕೈಯಲ್ಲಿ ಸೌಟು, ಕಟ್ಟೆ ಮೇಲೆ ಸೈನ್ಸ್ ನೋಟ್ಸ್ ತೆರೆದಿಟ್ಟುಕೊಂಡು ಉಪ್ಪಿಟ್ಟಿಗೆ ರವೆ ಹುರೀತಿದ್ದಳು. ಅವಳಿಗಿಂತ ಎರಡೇ ವರ್ಷ ಚಿಕ್ಕವನಾದ ಮಗ ಹೊದ್ದು ಮಲಗಿದ್ದ. ಇವರು ಕೆರೆ ಏರಿ ಮೇಲೆ.

"ಅಜ್ಜಿ ಎಬ್ಬಿಸಿದ್ರು ಅಮ್ಮಾ. ನೀನು ವಾಕಿಂಗ್ ಹೋಗಿದೀಯಲ್ಲ, ಅದಕ್ಕೆ" ಅಂದಳು. ಅವಳ ಮುಖದಲ್ಲಿ ಬೇಜಾರು ಕೂಡ ಇರಲಿಲ್ಲ. ಅದೇ ನನಗೆ ಜಾಸ್ತಿ ಹೊಟ್ಟೆ ಉರಿಸಿದ್ದು.

ಅವಳು ಎಂಟನೇ ಕ್ಲಾಸಿನವರೆಗೂ ಥ್ರೋಬಾಲ್ ಆಡ್ತಿದ್ದಳು, ಸ್ಕೂಲ್ ಟೀಮಿನಲ್ಲಿದ್ದಳು. ಟ್ಯೂಷನ್ ಅಂತ ಬಿಟ್ಟಳು. ಮಗನಿಗೂ ಟ್ಯೂಷನ್ ಇದೆ, ಅವನ ಕ್ರಿಕೆಟ್ ನಿಂತಿಲ್ಲ. ಅವತ್ತು ಶೂ ಬಿಚ್ಚುತ್ತಾ ನನಗೆ ಲೆಕ್ಕ ಹೊಳೆಯಿತು. ನನ್ನ ಅರ್ಧ ಗಂಟೆಯನ್ನ ನಾನು "ಮಾಡಿಕೊಂಡಿರಲಿಲ್ಲ", ಮಗಳ ಖಾತೆಯಿಂದ ತೆಗೆದಿದ್ದೆ. ಹಾಗೇ ಬಿಟ್ಟರೆ ಇನ್ನು ಇಪ್ಪತ್ತೈದು ವರ್ಷಕ್ಕೆ ಯಾವುದೋ ಕ್ಲಿನಿಕ್ಕಿನಲ್ಲಿ ಅವಳೂ ಕೂತಿರುತ್ತಾಳೆ. ಪಕ್ಕದ ಕುರ್ಚಿಯಲ್ಲಿ ಒಬ್ಬ "ಇವಳು ಮನಸ್ಸೇ ಮಾಡಲ್ಲ ಡಾಕ್ಟ್ರೇ" ಅಂತಿರುತ್ತಾನೆ. ಮಾರನೇ ದಿನದಿಂದ ವಾಕಿಂಗ್ ನಿಲ್ಲಿಸಿದೆ.

ಇಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಬಿಡೋಕಾಗಲಿಲ್ಲ, ಯಾಕಂದರೆ ನನಗೆ ಭಯ ಇದೆ. ನಮ್ಮಮ್ಮನಿಗೆ ಶುಗರ್ ಇತ್ತು. ಕಾಲಿನ ಗಾಯ ಮಾಯದೆ ಎರಡು ಬೆರಳು ತೆಗೆದರು, ಅರವತ್ತೊಂದಕ್ಕೆ ಹೋದರು. ಮಗ ಹೊಟ್ಟೆಯಲ್ಲಿದ್ದಾಗ ನನಗೂ ಶುಗರ್ ಬಂದಿತ್ತು, ಹೆರಿಗೆ ಆದ ಮೇಲೆ ಹೋಯಿತು. ಹಾಗೆ ಬಂದು ಹೋದವರಿಗೆ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಉಳಿದ ತಾಯಂದಿರಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ, ನನ್ನ ಹಾಗೆ ಗಡಿ ಮೇಲೆ ನಿಂತವರು 13.6 ಕೋಟಿ.

ಗಡಿ ಮೇಲಿನವರಿಗೆ ನಡಿಗೆ ಕೆಲಸ ಮಾಡುತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ 150 ನಿಮಿಷ ವ್ಯಾಯಾಮ, ಜೊತೆಗೆ ಆಹಾರದ ಹತೋಟಿ ಮತ್ತು ತೂಕ ಇಳಿಕೆಯಿಂದ ಡಯಾಬಿಟಿಸ್ ಬರುವುದು 58 ಶೇಕಡಾ ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಕಡಿಮೆಯಾದದ್ದು 31 ಶೇಕಡಾ. ನಮ್ಮ ಪಕ್ಕದ ಚೆನ್ನೈನ ಡಾಕ್ಟರುಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮಂಥವರ ಮೇಲೆಯೇ ಮಾಡಿದ್ದು, ನಡಿಗೆ ಮತ್ತು ಊಟದ ಬದಲಾವಣೆಯಿಂದ 28.5 ಶೇಕಡಾ ಕಡಿಮೆಯಾಯಿತು. ಮಾತ್ರೆಯ ಫಲವೂ ಹೆಚ್ಚು ಕಡಿಮೆ ಅಷ್ಟೇ ಇತ್ತು.

ಅಂದರೆ ಆ ಅರ್ಧ ಗಂಟೆ ಒಂದು ಔಷಧಿ. ಮನೆಯಲ್ಲಿ ಇಬ್ಬರಿಗೆ ಒಂದೇ ಔಷಧಿ ಬೇಕಾಗಿದ್ದು ಒಬ್ಬರೇ ಪೂರ್ತಿ ಬಾಟಲಿ ಕುಡಿದು, "ನೀನು ಮನಸ್ಸು ಮಾಡಿ ಕುಡೀಬೇಕಿತ್ತು" ಅಂದರೆ ಒಪ್ತೀರಾ?

ನಮ್ಮನೆಯವರ ಮೇಲೆ ಅನ್ಯಾಯ ಮಾಡಬಾರದು. ಇವರ ತಂದೆ ಐವತ್ತನಾಲ್ಕಕ್ಕೆ ಹಾರ್ಟ್ ಅಟ್ಯಾಕಿನಲ್ಲಿ ಹೋದರು. ಆರು ವರ್ಷದ ಹಿಂದೆ ಇವರಿಗೆ ಬಿಪಿ ಬಂದಾಗ ನಾನೇ ಹೆದರಿ ವಾಕಿಂಗಿಗೆ ಕಳಿಸಿದ್ದು. ಮೊದಲ ಜೊತೆ ಶೂ ಕೊಡಿಸಿದ್ದೂ ನಾನೇ. ಇವರು ನಡೆಯೋದನ್ನ ನಿಲ್ಲಿಸಲಿ ಅಂತ ನಾನು ಕನಸಿನಲ್ಲೂ ಹೇಳಲ್ಲ. ಆಫೀಸಿನಲ್ಲಿ ಇವರಿಗೂ ಕತ್ತೆ ದುಡಿತ ಇದೆ. 2023ರಲ್ಲಿ ನಾರಾಯಣ ಮೂರ್ತಿಗಳು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಸುದ್ದಿಯಾಯಿತು. ಅದರ ಬಗ್ಗೆ ದೇಶವೆಲ್ಲಾ ಚರ್ಚೆ ಮಾಡಿತು. ಆ 90 ಗಂಟೆ ದುಡಿಯುವವನ ಬಟ್ಟೆ ಒಗೆಯೋರು ಯಾರು, ಅವನ ಮಕ್ಕಳ ಡಬ್ಬಿ ಕಟ್ಟೋರು ಯಾರು ಅಂತ ಎಷ್ಟು ಜನ ಕೇಳಿದರು? ಆಫೀಸು ಗಂಡಸಿನ ಗಂಟೆ ಕಿತ್ತುಕೊಳ್ಳುತ್ತೆ, ಗಂಡಸು ಮನೆಗೆ ಬಂದು ಹೆಂಗಸಿನ ಗಂಟೆ ತಗೊಳ್ತಾನೆ, ಹೆಂಗಸಿಗೆ ತಗೊಳ್ಳೋಕೆ ಯಾರೂ ಇಲ್ಲದಿದ್ದರೆ ಮಗಳಿದ್ದಾಳೆ. ಹೀಗೆ ಇಳಿದೂ ಇಳಿದೂ ಕೊನೆಗೆ ನಿಲ್ಲೋದು ಯಾರ ತಲೆ ಮೇಲೆ ಅಂತ ನೀವೇ ನೋಡಿ.

ನಮ್ಮ ತಪ್ಪೂ ಇದೆ, ಮುಚ್ಚಿಡಲ್ಲ. "ನಾನಿಲ್ಲದಿದ್ರೆ ಈ ಮನೆ ಒಂದು ದಿನ ನಡೆಯಲ್ಲ" ಅಂತ ಹೇಳಿಕೊಳ್ಳೋದರಲ್ಲಿ ನನಗೂ ಒಂದು ಜಂಭ ಇತ್ತು. ಮಗ ಲೋಟ ತೊಳೆಯೋಕೆ ಬಂದರೆ "ನೀನು ಹೋಗು, ನೀರು ಚೆಲ್ತೀಯ" ಅಂತ ಓಡಿಸಿದವಳು ನಾನೇ. ಹಾಗೆ ಓಡಿಸಿದ ಒಂದೊಂದು ಲೋಟವೂ ಮಗಳ ಹೆಸರಿಗೆ ಬರೆದ ಸಾಲ ಅಂತ ಆಗ ಗೊತ್ತಾಗಲಿಲ್ಲ.

ಆ ಉಪ್ಪಿಟ್ಟಿನ ವಾರವೇ, ಭಾನುವಾರ, ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಟಿ ಆಕಾರದ ಲೆಡ್ಜರ್ ಎಳೆದೆ. ಎಡಗಡೆ "ನಡೆದವರು", ಬಲಗಡೆ "ಮನೆ ನಡೆಸಿದವರು". ಆರು ವರ್ಷದ ಲೆಕ್ಕ ಮೊದಲು ಬರೆದೆ, 2700 ಗಂಟೆ. ಇವರು ಮೊದಲು ನಕ್ಕರು, ಆಮೇಲೆ ಸಿಟ್ಟು ಮಾಡಿಕೊಂಡರು. "ಎಲ್ಲದಕ್ಕೂ ಲೆಕ್ಕ ಹಾಕಿದ್ರೆ ಅದು ಸಂಸಾರ ಅಲ್ಲ ಕಣೆ, ಅಂಗಡಿ" ಅಂದರು. ನಾನು ಹೇಳಿದೆ, "ರೀ, ಅಂಗಡಿಯಲ್ಲಾದ್ರೆ ಕೊಟ್ಟವರ ಹೆಸರಾದ್ರೂ ಬರೀತಾರೆ." ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಮಗಳು ರವೆ ಹುರೀತಿದ್ದ ವಿಷಯ ಹೇಳಿದೆ. ಇವರಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಾಗೋದಾದರೂ ಹೇಗೆ?

ಈಗಿನ ಒಪ್ಪಂದ ಹೀಗಿದೆ. ಸೋಮ, ಬುಧ, ಶುಕ್ರ ಬೆಳಿಗ್ಗೆ ಇವರದ್ದು. ಮಂಗಳ, ಗುರು, ಶನಿ ನನ್ನದು. ತಲಾ 40 ನಿಮಿಷ. ಭಾನುವಾರ ಸಂಜೆ ಇನ್ನೂ 40 ನಿಮಿಷ ನಾಲ್ಕೂ ಜನ ಒಟ್ಟಿಗೆ. ಇಬ್ಬರಿಗೂ ವಾರಕ್ಕೆ 160 ನಿಮಿಷ ಆಯಿತು, ಬೇಕಾಗಿದ್ದಕ್ಕಿಂತ ಹತ್ತು ಜಾಸ್ತಿಯೇ. ಇವರಿಗೆ ಇನ್ನೂ ನಡೀಬೇಕು ಅನ್ನಿಸಿದರೆ ರಾತ್ರಿ ಊಟ ಆದ ಮೇಲೆ, ಅಡುಗೆಮನೆ ಒರೆಸಿಟ್ಟು, ಧಾರಾಳವಾಗಿ ನಡೀಲಿ. ಕೆರೆಯ ಕಾಫಿ ವಾರಕ್ಕೊಂದು ದಿನ. ನನ್ನ ದಿನಗಳಲ್ಲಿ ಅಡುಗೆಮನೆ ಪೂರ್ತಿ ಇವರದ್ದು ಮತ್ತು ಮಗನದ್ದು. "ಹೆಲ್ಪ್ ಮಾಡೋದು" ಅನ್ನುವ ಪದ ಮನೆಯಲ್ಲಿ ನಿಷೇಧ. ಅವರ ಮನೆಯ ಕೆಲಸ ಅವರು ಮಾಡೋದು ಯಾರಿಗೆ ಹೆಲ್ಪು? ಮಗಳಿಗೆ ಪರೀಕ್ಷೆ ಮುಗಿಯುವ ತನಕ ಬೆಳಗಿನ ಅಡುಗೆಮನೆಗೆ ಪ್ರವೇಶ ಇಲ್ಲ.

ಎಲ್ಲಾ ಸುಸೂತ್ರ ಅಂತ ಹೇಳಲ್ಲ. ಮೊದಲ ಮಂಗಳವಾರ ನಾನು ಮನೆಯಿಂದ ಇನ್ನೂರು ಮೀಟರ್ ಹೋಗಿಲ್ಲ, ಫೋನು. "ಸಾಸಿವೆ ಎಲ್ಲಿದೆ?" ಇಪ್ಪತ್ತು ವರ್ಷದಿಂದ ಅದೇ ಡಬ್ಬಿಯಲ್ಲಿದೆ! ಎರಡನೇ ಸಲದಿಂದ ಫೋನು ಮನೆಯಲ್ಲೇ ಬಿಟ್ಟು ಹೋಗ್ತೀನಿ. ಡಬ್ಬಿಗೆ ಮೂರು ದಿನ ಅವಲಕ್ಕಿಯೇ ಹೋಯಿತು, ಮಕ್ಕಳು ಸತ್ತು ಹೋಗಲಿಲ್ಲ. ಅತ್ತೆ ಇನ್ನೂ ಸರಿಯಾಗಿ ಮಾತಾಡ್ತಿಲ್ಲ. "ಅವನಿಗೆ ಬಿಪಿ ಇದೆ ಕಣಮ್ಮಾ" ಅಂದರು ಒಂದು ದಿನ. "ನನಗೆ ಶುಗರ್ ಇದೆ ಅತ್ತೆ" ಅಂದೆ. ಅಷ್ಟಕ್ಕೇ ನಿಂತಿದೆ.

ಮೂರು ವಾರ ಆಯಿತು. ಮುಂದಿನ ತಿಂಗಳು ಮತ್ತೆ ರಕ್ತ ಕೊಡಬೇಕು. 6.1 ಇಳಿಯುತ್ತೋ ಅಲ್ಲೇ ನಿಲ್ಲುತ್ತೋ ನೋಡೋಣ. ಇಳಿಯದಿದ್ದರೂ ನನ್ನ ಮಾತು ಬದಲಾಗಲ್ಲ. ಯಾಕಂದರೆ ಇದು ಬರೀ ಶುಗರಿನ ಪ್ರಶ್ನೆ ಅಲ್ಲ.

ಡಾಕ್ಟರುಗಳಿಗೆ ಒಂದು ವಿನಂತಿ. ಹೆಂಗಸರಿಗೆ "ಅರ್ಧ ಗಂಟೆ ನಡೀರಿ" ಅಂತ ಚೀಟಿ ಬರೆಯುವಾಗ ಪಕ್ಕದ ಕುರ್ಚಿಯವರ ಕಡೆ ತಿರುಗಿ, "ಆ ಅರ್ಧ ಗಂಟೆ ಮನೆಯಲ್ಲಿ ನೀವೇನು ಮಾಡ್ತೀರಾ ಸಾರ್?" ಅಂತಲೂ ಕೇಳಿ. ಉತ್ತರ ಸರಿಯಾಗಿ ಬಂದರೆ ಮಾತ್ರ "ವೆರಿ ಗುಡ್" ಅನ್ನಿ.

ಗಂಡಸರಿಗೂ ಒಂದು ಮಾತು. ನಾಳೆ ಬೆಳಿಗ್ಗೆ ಶೂ ಲೇಸ್ ಕಟ್ಟುವಾಗ ಅಡುಗೆಮನೆಯ ಲೈಟ್ ಉರೀತಿದೆಯಾ ಅಂತ ಒಂದು ಸಲ ತಿರುಗಿ ನೋಡಿ. ಉರೀತಿದ್ದರೆ ನೀವು ನಡೆಯುತ್ತಿರೋದು ಯಾರ ಗಂಟೆಯಲ್ಲಿ ಅಂತ ಲೆಕ್ಕ ಹಾಕಿ. ಆಮೇಲೆ ಬಂದು ನನ್ನನ್ನು ಬೈಯಿರಿ, ಬೇಡ ಅನ್ನಲ್ಲ.

ಇವತ್ತು ಬುಧವಾರ, ಇವರ ದಿನ. ನಾಳೆ ನನ್ನದು. ಶೂ ಬಾಗಿಲ ಹತ್ತಿರ ಇಟ್ಟಿದ್ದೀನಿ, ಸಾಸಿವೆ ಡಬ್ಬಿಯ ಮೇಲೆ "ಸಾಸಿವೆ" ಅಂತ ದೊಡ್ಡದಾಗಿ ಬರೆದು ಅಂಟಿಸಿದ್ದೀನಿ :)